ಹಾಳೆಯ ಎರಡು ಮುಖಗಳು: ಪಹಾಡಿ ಭಕ್ತಿಚಿತ್ರಗಳು, ಸಂಗ್ರಾಹಕರು ಮತ್ತು ವಂಶಾವಳಿಯ ಸಾಕ್ಷ್ಯ

ಭಾರತೀಯ ಚಿಕಣಿ ಚಿತ್ರಗಳ ಇತಿಹಾಸವನ್ನು ಬರೆದವರಲ್ಲಿ ಅನೇಕರು ಸ್ವತಃ ಸಂಗ್ರಾಹಕರು, ಇಲ್ಲವೆ ಸಂಗ್ರಹಾಲಯಗಳ ಹೊಣೆ ಹೊತ್ತವರು. ಚಿತ್ರಗಳನ್ನು ಕೂಡಿಹಾಕಿದವರೇ ಅವುಗಳಿಗೆ ಹೆಸರಿಟ್ಟರು, ಕಾಲ ನಿಗದಿ ಮಾಡಿದರು, ಶೈಲಿಗಳನ್ನು ವಿಂಗಡಿಸಿದರು. ಆದ್ದರಿಂದ ಈ ಕಲೆಯ ಚರಿತ್ರೆಯನ್ನು ಅದರ ಸಂಗ್ರಹದ ಚರಿತ್ರೆಯಿಂದ ಬೇರ್ಪಡಿಸಿ ನೋಡುವುದು ಕಷ್ಟ. ಪಂಜಾಬಿನ ಬೆಟ್ಟನಾಡಿನ ಸಂಸ್ಥಾನಗಳಲ್ಲಿ 17ನೆಯ ಶತಮಾನದ ಉತ್ತರಾರ್ಧದಿಂದ 19ನೆಯ ಶತಮಾನದ ಆರಂಭದವರೆಗೆ ಬೆಳೆದ ಪಹಾಡಿ ಚಿತ್ರಕಲೆಯ ವಿಷಯದಲ್ಲಿ ಈ ಮಾತು ಎದ್ದು ಕಾಣುತ್ತದೆ. ಭಾಗವತ, ರಾಮಾಯಣ, ಗೀತಗೋವಿಂದಗಳನ್ನು ಆಧರಿಸಿದ ಅಲ್ಲಿಯ ಚಿತ್ರಮಾಲಿಕೆಗಳು ಇಪ್ಪತ್ತನೆಯ ಶತಮಾನದಲ್ಲಿ ಬಿಡಿ ಹಾಳೆಗಳಾಗಿ ಹಲವು ದೇಶಗಳಿಗೆ ಹಂಚಿಹೋದವು. ಬಿಡಿಯಾದ ಹಾಳೆಗಳಿಗೆ ಮತ್ತೆ ಸಂಬಂಧವನ್ನು ಕಲ್ಪಿಸಲು ನೆರವಾದ ಮುಖ್ಯ ಆಧಾರವೊಂದು ಅರಮನೆಯಿಂದಾಗಲಿ ಸಂಗ್ರಹಾಲಯದಿಂದಾಗಲಿ ದೊರೆತದ್ದಲ್ಲ. ತೀರ್ಥಕ್ಷೇತ್ರದ ಪುರೋಹಿತರ ವಂಶಾವಳಿಯ ಪುಸ್ತಕಗಳಿಂದ ದೊರೆತದ್ದು. ಈ ಸಂಗತಿಯ ಮಹತ್ವವನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಚಿತ್ರವಲ್ಲ, ಚಿತ್ರಮಾಲಿಕೆ

ಬಸೋಹ್ಲಿ, ಗುಲೇರ್, ಜಸ್ರೋಟಾ, ಚಂಬಾ, ಕಾಂಗ್ರಾ ಮೊದಲಾದವು ಇಂದಿನ ಹಿಮಾಚಲ ಪ್ರದೇಶ ಮತ್ತು ಜಮ್ಮು ಪ್ರಾಂತಗಳಲ್ಲಿ ಹರಡಿದ್ದ ಸಣ್ಣ ಸಂಸ್ಥಾನಗಳು. ಪೂರ್ವಕ್ಕೆ ಗಢವಾಲದವರೆಗೆ ಈ ಕಲೆಯ ವ್ಯಾಪ್ತಿ ಇತ್ತು. ಇಲ್ಲಿಯ ಚಿತ್ರಕಾರರು ಹಲವು ಪದರ ಕಾಗದವನ್ನು ಅಂಟಿಸಿ ಹಾಳೆಯನ್ನು ಸಿದ್ಧಪಡಿಸುತ್ತಿದ್ದರು. ಅದರ ಮೇಲೆ ತೆಳುರೇಖೆಯ ಮೊದಲ ಕರಡು, ಬಳಿಕ ಬಿಳಿಯ ಲೇಪ, ಮತ್ತೆ ತಿದ್ದಿದ ರೇಖೆ, ಅನಂತರ ಬಣ್ಣ. ಬಣ್ಣ ತುಂಬಿದ ಮೇಲೆ ಹಾಳೆಯನ್ನು ಮಗುಚಿ ಹಿಂಬದಿಯನ್ನು ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು. ಬಸೋಹ್ಲಿಯ ಆರಂಭಕಾಲದ ಚಿತ್ರಗಳಲ್ಲಿ ಪಚ್ಚೆಯ ಹರಳನ್ನು ತೋರಿಸಲು ಜೀರುಂಡೆಯ ರೆಕ್ಕೆಯ ಚೂರುಗಳನ್ನು ಅಂಟಿಸಿರುವುದೂ ಉಂಟು.

ಇಂತಹ ಹಾಳೆ ಗೋಡೆಗೆ ತೂಗುಹಾಕುವ ವಸ್ತುವಾಗಿರಲಿಲ್ಲ. ಒಂದು ಗ್ರಂಥಕ್ಕೆ ಸಂಬಂಧಿಸಿದ ಹತ್ತಾರು, ಕೆಲವೊಮ್ಮೆ ನೂರಾರು ಹಾಳೆಗಳನ್ನು ಹೊಲಿಯದೆ, ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಒಂದೊಂದಾಗಿ ಕೈಗೆತ್ತಿಕೊಂಡು ನೋಡುತ್ತಿದ್ದರು. ಅನೇಕ ಮಾಲಿಕೆಗಳಲ್ಲಿ ಮುಂಬದಿಯಲ್ಲಿ ಚಿತ್ರ, ಹಿಂಬದಿಯಲ್ಲಿ ಅದಕ್ಕೆ ಸಂಬಂಧಿಸಿದ ಶ್ಲೋಕ ಇರುತ್ತದೆ. ಕೆಲವು ಕಡೆ ಟಾಕರಿ ಲಿಪಿಯ ಟಿಪ್ಪಣಿಯೂ ಇರುತ್ತದೆ. ಓದು, ಕೇಳ್ಮೆ, ನೋಟ ಮೂರೂ ಕೂಡಿದ ಈ ಕ್ರಿಯೆಯಲ್ಲಿ ಹಾಳೆಯ ಎರಡೂ ಮುಖಗಳಿಗೆ ಸಮನಾದ ಸ್ಥಾನವಿತ್ತು.

ಗುಲೇರಿನ ಚಿತ್ರಕಾರ ಮಾನಕು 1730ರಲ್ಲಿ ರಚಿಸಿದ ಗೀತಗೋವಿಂದ ಮಾಲಿಕೆಯನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಅದರಲ್ಲಿ ರಾಧೆ, ಸಖಿ, ಕೃಷ್ಣ ಈ ಮೂವರೇ ಮತ್ತೆ ಮತ್ತೆ ಬರುತ್ತಾರೆ. ಹಿನ್ನೆಲೆಯಲ್ಲಿ ಹೆಚ್ಚಾಗಿ ಒಂದೇ ಬಣ್ಣದ ಹರವು, ಕೆಲವೇ ಮರಗಳು. ಒಂದು ಹಾಳೆಯನ್ನು ಪ್ರತ್ಯೇಕವಾಗಿ ಕಂಡಾಗ ಇದು ಸರಳವೆನಿಸಬಹುದು, ಹಲವನ್ನು ಕಂಡಾಗ ಪುನರುಕ್ತಿಯೆನಿಸಬಹುದು. ಆದರೆ ಅಷ್ಟಪದಿಯ ಹಾಡಿನಲ್ಲಿ ಪಲ್ಲವಿ ಮರಳಿ ಮರಳಿ ಬರುವಂತೆ ಇಲ್ಲಿಯ ಆಕೃತಿಗಳು ಸಣ್ಣ ಸಣ್ಣ ವ್ಯತ್ಯಾಸಗಳೊಡನೆ ಮರಳುತ್ತವೆ. ಈ ಲಯ ಮಾಲಿಕೆಯಲ್ಲಿದೆ. ಬಿಡಿ ಹಾಳೆಯಲ್ಲಿ ಇಲ್ಲ. ಮಾಲಿಕೆಯನ್ನು ಒಡೆದಾಗ ನಷ್ಟವಾದದ್ದು ಚಿತ್ರಗಳ ಸಂಖ್ಯೆಯಷ್ಟೇ ಅಲ್ಲ, ಅವುಗಳ ಅರ್ಥವಿನ್ಯಾಸ.

2. ಸಂಗ್ರಾಹಕರ ಆಗಮನ

ಪಹಾಡಿ ಚಿತ್ರಗಳ ಮೊದಲ ಸಂಗ್ರಾಹಕರು ಬೆಟ್ಟದ ಅರಸರೇ. ಕಾಂಗ್ರಾದ ಸಂಸಾರಚಂದನನ್ನು 1820ರಲ್ಲಿ ಭೇಟಿಯಾದ ವಿಲಿಯಂ ಮೂರ್‌ಕ್ರಾಫ್ಟ್, ಆ ಅರಸನ ಚಿತ್ರಾಸಕ್ತಿಯನ್ನೂ ಅವನ ಬಳಿ ಇದ್ದ ದೊಡ್ಡ ಸಂಗ್ರಹವನ್ನೂ ದಾಖಲಿಸಿದ್ದಾನೆ. ಆ ವೇಳೆಗೆ ಸಂಸಾರಚಂದನ ಬಲ ಉಡುಗಿತ್ತು. ಗೂರ್ಖಾ ದಾಳಿಯ ಬಳಿಕ 1809ರಲ್ಲಿ ಕಾಂಗ್ರಾ ಕೋಟೆ ರಣಜಿತ್ ಸಿಂಗನ ವಶವಾಗಿತ್ತು. ಸಂಸ್ಥಾನಗಳು ಕ್ಷೀಣಿಸಿದಂತೆ ಚಿತ್ರಕಾರರ ಆಶ್ರಯವೂ ಕುಗ್ಗಿತು. ಚಿತ್ರಗಳು ಮಾತ್ರ ಅರಸುಮನೆತನಗಳಲ್ಲಿ ಮತ್ತು ಚಿತ್ರಕಾರರ ವಂಶಸ್ಥರ ಮನೆಗಳಲ್ಲಿ ಉಳಿದವು. 1905ರ ಏಪ್ರಿಲ್ 4ರಂದು ಕಾಂಗ್ರಾ ಕಣಿವೆಯಲ್ಲಿ ಸಂಭವಿಸಿದ ಭೂಕಂಪದಲ್ಲಿ ಸುಮಾರು 20,000 ಜನರು ಮಡಿದರು. ಮನೆಮಠಗಳ ಜೊತೆಗೆ ಕಲಾವಸ್ತುಗಳೂ ನಾಶವಾದವು.

ಈ ಹಿನ್ನೆಲೆಯಲ್ಲಿ ಆನಂದ ಕುಮಾರಸ್ವಾಮಿ ಅವರ ಕಾರ್ಯವನ್ನು ಅರಿಯಬೇಕು. 1910-11ರ ಅಲಹಾಬಾದಿನ ಪ್ರದರ್ಶನದ ಕಲಾವಿಭಾಗದ ಹೊಣೆ ಹೊತ್ತಿದ್ದ ಅವರು ಆ ವರ್ಷಗಳಲ್ಲಿ ಉತ್ತರ ಭಾರತದಲ್ಲಿ ಸಂಚರಿಸಿ ನೂರಾರು ಚಿತ್ರಗಳನ್ನು ಸಂಗ್ರಹಿಸಿದರು. 1916ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ಅವರ ‘ರಾಜಪೂತ್ ಪೇಂಟಿಂಗ್’ ಗ್ರಂಥವು ಈ ಕಲೆಗೆ ಮೊಗಲ್ ಕಲೆಯಿಂದ ಬೇರೆಯಾದ ಸ್ಥಾನವನ್ನು ಕಲ್ಪಿಸಿತು. ಮೊಗಲ್ ಚಿತ್ರ ಆಸ್ಥಾನದ್ದು, ವ್ಯಕ್ತಿಪ್ರಧಾನವಾದುದು. ರಾಜಪೂತ ಚಿತ್ರ ಭಕ್ತಿಯದು, ಜನಜೀವನದ ನೆಲೆಯದು ಎಂಬುದು ಅವರ ವಾದದ ಸಾರ. ತಮ್ಮ ಸಂಗ್ರಹವನ್ನು ಭಾರತದಲ್ಲಿಯೇ ಒಂದು ರಾಷ್ಟ್ರೀಯ ಸಂಗ್ರಹಾಲಯಕ್ಕೆ ಒಪ್ಪಿಸಬೇಕೆಂಬ ಅವರ ಇಚ್ಛೆಗೆ ಇಲ್ಲಿ ಸ್ಪಂದನ ದೊರೆಯಲಿಲ್ಲ. 1917ರಲ್ಲಿ ಡೆನ್ಮನ್ ರಾಸ್ ಅವರ ಮೂಲಕ ಅದು ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯವನ್ನು ಸೇರಿತು. ಸಂಗ್ರಹದ ಜೊತೆಗೆ ಸಂಗ್ರಾಹಕರೂ ಅಲ್ಲಿಗೆ ತೆರಳಿದರು.

ಕುಮಾರಸ್ವಾಮಿ ಅವರ ಕೊಡುಗೆ ನಿರ್ವಿವಾದ. ಆದರೆ ಅವರ ದೃಷ್ಟಿಯ ಎರಡು ಪರಿಣಾಮಗಳನ್ನು ಇಲ್ಲಿ ಗಮನಿಸಬೇಕು. ಮೊದಲನೆಯದು, ಸಂಪ್ರದಾಯದ ಕಲಾವಿದ ಅನಾಮಿಕನೆಂಬ ನಂಬಿಕೆ ಬಲಗೊಂಡದ್ದು. ಎರಡನೆಯದು, ಪಹಾಡಿ ಚಿತ್ರಗಳನ್ನು ಜಮ್ಮು ಮತ್ತು ಕಾಂಗ್ರಾ ಎಂಬ ಎರಡು ಪ್ರಾದೇಶಿಕ ಗುಂಪುಗಳಾಗಿ ವಿಂಗಡಿಸಿದ್ದು. ಲಂಕೆಯ ಮುತ್ತಿಗೆಯನ್ನು ಚಿತ್ರಿಸುವ ಪ್ರಸಿದ್ಧ ರಾಮಾಯಣ ಮಾಲಿಕೆಯನ್ನು ಅವರು ಜಮ್ಮುವಿಗೆ ಸೇರಿಸಿದರು. ಅದು ಗುಲೇರಿನಲ್ಲಿ 18ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದುದೆಂದು ಮುಂದಿನ ವಿದ್ವಾಂಸರು ತೋರಿಸಿದರು. ಅದರ ಹಾಳೆಗಳು ಸುಮಾರು 80 ಸೆಂಟಿಮೀಟರ್ ಅಗಲವಾಗಿವೆ. ಚಿಕಣಿ ಚಿತ್ರವೆಂಬ ಹೆಸರೇ ಅವುಗಳಿಗೆ ಹೊಂದುವುದಿಲ್ಲ. ಅಮೃತಸರದ ವ್ಯಾಪಾರಿಗಳಂತೂ ಇಂದು ಬಸೋಹ್ಲಿ ಶೈಲಿಯೆಂದು ಗುರುತಿಸಲಾಗುವ ಚಿತ್ರಗಳನ್ನು ‘ತಿಬತಿ’ ಎಂದು ಕರೆದು ಮಾರುತ್ತಿದ್ದರು. ಚಿತ್ರ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಸಂಗ್ರಾಹಕನಿಗೆ ಸಾಗುವಾಗ ಮೊದಲು ಕಳಚಿಬೀಳುವುದು ಅದರ ಊರು ಮತ್ತು ಮಾಡಿದವನ ಹೆಸರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

3. ಒಂದು ಪುಷ್ಪಿಕೆ, ಎರಡು ಮಾಲಿಕೆ

ಗೀತಗೋವಿಂದದ ಎರಡು ಪಹಾಡಿ ಮಾಲಿಕೆಗಳು ವಿದ್ವಾಂಸರ ನಡುವೆ ದೀರ್ಘಕಾಲ ಚರ್ಚೆಗೆ ಕಾರಣವಾದವು. ಒಂದು, ಮೇಲೆ ಹೇಳಿದ 1730ರ ಮಾಲಿಕೆ. ಇನ್ನೊಂದು, ಟೆಹ್ರಿ ಗಢವಾಲದ ಅರಸುಮನೆತನದಲ್ಲಿ ಇದ್ದುದು. ಐಸಿಎಸ್ ಅಧಿಕಾರಿಯೂ ಸಂಗ್ರಾಹಕರೂ ಆಗಿದ್ದ ಎನ್. ಸಿ. ಮೆಹತಾ ಅವರು 1926ರ ತಮ್ಮ ಗ್ರಂಥದ ಮೂಲಕ ಇದನ್ನು ವಿದ್ವತ್‌ಲೋಕದ ಗಮನಕ್ಕೆ ತಂದರು. ಸಂಸಾರಚಂದನ ಹೆಣ್ಣುಮಕ್ಕಳು ಗಢವಾಲದ ಅರಸನನ್ನು ವರಿಸಿದಾಗ ಈ ಚಿತ್ರಗಳು ಬಳುವಳಿಯಾಗಿ ಹೋದವೆಂಬ ಅಭಿಪ್ರಾಯವಿದೆ. ಎರಡು ಮಾಲಿಕೆಗಳ ಶೈಲಿ ಪೂರ್ಣ ಭಿನ್ನ. ಮೊದಲನೆಯದು ಸಮತಟ್ಟಾದ ಬಣ್ಣಗಳ ಬಿಗಿಯಾದ ಸಂಯೋಜನೆ. ಎರಡನೆಯದರಲ್ಲಿ ಯಮುನೆಯ ತೀರ, ದಟ್ಟ ಮರಗಳು, ಮೃದುವಾದ ದೇಹರೇಖೆ. ಆದರೆ ಎರಡರಲ್ಲಿಯೂ ಒಂದೇ ಸಂಸ್ಕೃತ ಪುಷ್ಪಿಕೆ ಇದೆ!

ಆ ಪದ್ಯದಲ್ಲಿ ಕಾಲವನ್ನು ಮುನಿ, ವಸು, ಗಿರಿ, ಸೋಮ ಎಂಬ ಸಂಖ್ಯಾವಾಚಕಗಳಿಂದ ಸೂಚಿಸಲಾಗಿದೆ. 7, 8, 7, 1 ಎಂಬ ಈ ಅಂಕಿಗಳನ್ನು ನಮ್ಮ ಶಾಸನಾಧ್ಯಯನದಲ್ಲಿ ರೂಢಿಯಿರುವಂತೆ ಬಲದಿಂದ ಎಡಕ್ಕೆ ಓದಿದರೆ ವಿಕ್ರಮ ಸಂವತ್ 1787, ಅಂದರೆ ಕ್ರಿ.ಶ. 1730 ದೊರೆಯುತ್ತದೆ. ಪದ್ಯದಲ್ಲಿ ಮಾನಕು ಎಂಬ ಹೆಸರೂ ಮಾಲಿನೀ ಎಂಬ ಪದವೂ ಇವೆ. ಮಾನಕು ಚಿತ್ರಕಾರನೆಂದು ಕೆಲವರು, ಚಿತ್ರ ಬರೆಯಿಸಿದ ಸ್ತ್ರೀ ಎಂದು ಕೆಲವರು ವಾದಿಸಿದರು. ಮಾಲಿನೀ ಎಂಬುದು ಛಂದಸ್ಸಿನ ಹೆಸರೂ ಆಗಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚಿತು. ಒಂದೇ ವರ್ಷ ಒಂದೇ ಹೆಸರಿನಲ್ಲಿ ಇಷ್ಟು ಭಿನ್ನವಾದ ಎರಡು ಕೃತಿಗಳು ಹುಟ್ಟಲು ಹೇಗೆ ಸಾಧ್ಯ? ಸಂಸ್ಥಾನವನ್ನು ಮಾತ್ರ ಶೈಲಿಯ ಆಧಾರವೆಂದು ನಂಬಿದವರಿಗೆ ಈ ಪ್ರಶ್ನೆ ಬಿಡಿಸಲಾಗದ ಒಗಟಾಗಿತ್ತು.

ಆ ನಂಬಿಕೆ ಆಗ ಬಲವಾಗಿಯೇ ಇತ್ತು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದ ಭಾರತೀಯ ವಿಭಾಗದ ಮುಖ್ಯಸ್ಥರಾಗಿದ್ದ ಡಬ್ಲ್ಯು. ಜಿ. ಆರ್ಚರ್ ಅವರ 1973ರ ಬೃಹತ್ ಸಂಪುಟಗಳು ಸಂಸ್ಥಾನವಾರು ಅಧ್ಯಾಯಗಳಾಗಿ ರಚಿತವಾಗಿವೆ. ಆರ್ಚರ್ ಜಾನಪದ ವಿದ್ವಾಂಸರಿಗೂ ಪರಿಚಿತರು. ಬಿಹಾರದಲ್ಲಿ ಅಧಿಕಾರಿಯಾಗಿದ್ದಾಗ ಉರಾಂವ್ ಸಮುದಾಯದ ಹಾಡುಗಳನ್ನು ಸಂಗ್ರಹಿಸಿ 1940ರಲ್ಲಿ ‘ದ ಬ್ಲೂ ಗ್ರೋವ್’ ಎಂಬ ಗ್ರಂಥವನ್ನು ಹೊರತಂದವರು ಅವರೇ. ಕಾಂಗ್ರಾ ಕಣಿವೆಯ ಚಿತ್ರಗಳನ್ನು ಕುರಿತು ಹಲವು ಗ್ರಂಥಗಳನ್ನು ಬರೆದ ಎಂ. ಎಸ್. ರಂಧಾವಾ ಅವರೂ ಅಲ್ಲಿಯ ಜನಪದ ಗೀತೆಗಳ ಸಂಗ್ರಾಹಕರು. ಹಾಡನ್ನು ಕಲೆಹಾಕುವಾಗ ಹಾಡಿದವರ ಊರು, ಕುಲಗಳನ್ನು ಕೇಳುವ ಪದ್ಧತಿ ಇವರಿಗೆ ಅಪರಿಚಿತವಾಗಿರಲಿಲ್ಲ. ಆದರೆ ಚಿತ್ರಗಳ ವಿಷಯದಲ್ಲಿ ಅರಸನ ಹೆಸರೇ ಅಧ್ಯಾಯದ ಹೆಸರಾಗಿ ಮುಂದುವರಿಯಿತು.

4. ಬಹಿಯ ಸಾಕ್ಷ್ಯ

ಈ ಚೌಕಟ್ಟನ್ನು ಬದಲಿಸಿದವರು ಚಂಡೀಗಢದ ವಿದ್ವಾಂಸ ಬಿ. ಎನ್. ಗೋಸ್ವಾಮಿ (1933-2023). ಭಾರತೀಯ ಆಡಳಿತ ಸೇವೆಯನ್ನು ತೊರೆದು ಸಂಶೋಧನೆಗೆ ಬಂದ ಅವರು ಚಿತ್ರಕಾರರನ್ನು ಹುಡುಕಲು ಹರಿದ್ವಾರ ಮೊದಲಾದ ತೀರ್ಥಗಳ ಪಂಡಾಗಳ ಬಹಿಗಳತ್ತ ತಿರುಗಿದರು. ಬಹಿ ಎಂದರೆ ಉದ್ದನೆಯ ಲೆಕ್ಕದ ಪುಸ್ತಕ. ಪ್ರತಿಯೊಂದು ಪ್ರದೇಶದ, ಕುಲದ ಯಾತ್ರಿಕರಿಗೆ ನಿಗದಿಯಾದ ಪಂಡಾ ಮನೆತನವಿರುತ್ತದೆ. ಸತ್ತವರ ಅಸ್ಥಿವಿಸರ್ಜನೆಗೋ ಗಂಗಾಸ್ನಾನಕ್ಕೋ ಬಂದವನು ತನ್ನ ಹೆಸರು, ಕುಲ, ಊರು, ತಂದೆ-ತಾತಂದಿರ ಹೆಸರು, ಮಕ್ಕಳು ಹಾಗೂ ಸೋದರರ ಹೆಸರುಗಳನ್ನು ಅದರಲ್ಲಿ ಬರೆಯುತ್ತಾನೆ, ಇಲ್ಲವೆ ಬರೆಯಿಸುತ್ತಾನೆ. ಮುಂದಿನ ತಲೆಮಾರಿನವನು ಬಂದಾಗ ಪಂಡಾ ಹಳೆಯ ನಮೂದನ್ನು ಓದಿ ಹೇಳಿ ಹೊಸದನ್ನು ಸೇರಿಸುತ್ತಾನೆ. ಇದು ಚರಿತ್ರೆಗಾಗಿ ಬರೆದ ದಾಖಲೆಯಲ್ಲ, ಪಿತೃಕಾರ್ಯಕ್ಕಾಗಿ ಬರೆದದ್ದು. ಚಿತ್ರಕಾರರ ಬಗ್ಗೆ ಅದರ ನಂಬಿಕಾರ್ಹತೆಗೆ ಕಾರಣವೂ ಇದೇ. ಕಲಾ ಇತಿಹಾಸದ ಯಾವ ವಾದವನ್ನು ಸಮರ್ಥಿಸುವ ಉದ್ದೇಶವೂ ಅದಕ್ಕಿಲ್ಲ.

ಬಹಿಗಳಿಂದ ಹೊರಬಂದ ಚಿತ್ರ ಹೀಗಿದೆ. ಗುಲೇರಿನಲ್ಲಿ ಸೇವು ಎಂಬ ಚಿತ್ರಕಾರನಿದ್ದ. ಅವನ ಮಕ್ಕಳು ಮಾನಕು ಮತ್ತು ನೈನ್‌ಸುಖ್. ಮಾನಕುವಿನ ಮಕ್ಕಳು ಫತ್ತು ಮತ್ತು ಖುಶಾಲಾ. ನೈನ್‌ಸುಖನ ಮಕ್ಕಳು ಕಾಮಾ, ಗೌಢು, ನಿಕ್ಕಾ, ರಾಂಝಾ. ಕುಲದಿಂದ ಇವರು ತರಖಾಣರು, ಅಂದರೆ ಬಡಗಿಗಳು. ನೈನ್‌ಸುಖ್ ಗುಲೇರನ್ನು ಬಿಟ್ಟು ಜಸ್ರೋಟಾದ ಬಲವಂತ ಸಿಂಗನ ಬಳಿ ಬಹುಕಾಲ ಇದ್ದ. ಬಲವಂತ ಸಿಂಗ ತೀರಿಕೊಂಡ 1763ರಲ್ಲಿ ಹರಿದ್ವಾರಕ್ಕೆ ಬಂದ ನೈನ್‌ಸುಖ್ ಬಹಿಯಲ್ಲಿ ಸ್ವಹಸ್ತದ ನಮೂದನ್ನೂ ಒಂದು ರೇಖಾಚಿತ್ರವನ್ನೂ ಬಿಟ್ಟುಹೋಗಿದ್ದಾನೆ. ಅನಾಮಿಕನೆನಿಸಿದ್ದ ಕಲಾವಿದ ತನ್ನ ಹೆಸರನ್ನು ತಾನೇ ಬರೆದಿದ್ದ. ಅದು ಇದ್ದ ಪುಸ್ತಕವನ್ನು ಕಲಾ ಇತಿಹಾಸಕಾರರು ತೆರೆದಿರಲಿಲ್ಲ, ಅಷ್ಟೆ.

1968ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಗೋಸ್ವಾಮಿ ಅವರು ಶೈಲಿಯ ಆಧಾರ ಸಂಸ್ಥಾನವಲ್ಲ, ಕುಟುಂಬ ಎಂದು ಪ್ರತಿಪಾದಿಸಿದರು. ಚಿತ್ರಕಾರ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹೋಗುತ್ತಾನೆ; ಅವನೊಡನೆ ಮನೆತನದ ಕೈಬಳಕೆಯೂ ಹೋಗುತ್ತದೆ. ಇದನ್ನು ಒಪ್ಪಿದರೆ ಪುಷ್ಪಿಕೆಯ ಒಗಟೂ ಸಡಿಲವಾಗುತ್ತದೆ. 1730ರ ಮಾಲಿಕೆ ಮಾನಕುವಿನದು. ಟೆಹ್ರಿ ಗಢವಾಲದ ಮಾಲಿಕೆ ಸುಮಾರು 1775ರ ವೇಳೆಗೆ ಮಾನಕು ಮತ್ತು ನೈನ್‌ಸುಖರ ಮುಂದಿನ ತಲೆಮಾರಿನವರ ಕೈಯಲ್ಲಿ ಆದುದು. ಹಿರಿಯನ ಕೃತಿಯನ್ನು ಮಾದರಿಯಾಗಿಟ್ಟುಕೊಂಡ ಕಿರಿಯರು ಅದರ ಪುಷ್ಪಿಕೆಯನ್ನೂ ಉಳಿಸಿಕೊಂಡರು. ಮೂಲ ಪ್ರತಿಯ ಕಾಲಸೂಚನೆಯನ್ನು ಲಿಪಿಕಾರರು ಹಾಗೆಯೇ ನಕಲು ಮಾಡುವ ರೂಢಿ ಕನ್ನಡದ ಹಸ್ತಪ್ರತಿಗಳ ಸಂಪಾದಕರಿಗೆ ಹೊಸದಲ್ಲ. ಹಿರಿಯರ ಅಂಕಿತವನ್ನು ಹೊತ್ತು ಸಾಗುವ ಮೌಖಿಕ ಪರಂಪರೆಗಳಿಗೂ ಇದು ಸಮೀಪವಾದುದು.

ಈ ಸಾಕ್ಷ್ಯದ ಮಿತಿಯನ್ನೂ ಹೇಳಬೇಕು. ಯಾರು ಯಾರ ಮಗ, ಯಾವ ಊರಿನವನು, ಯಾವಾಗ ಬಂದ ಎಂಬುದನ್ನು ಬಹಿ ತಿಳಿಸುತ್ತದೆ. ಯಾವ ಚಿತ್ರವನ್ನು ಬರೆದ ಎಂಬುದನ್ನು ತಿಳಿಸುವುದಿಲ್ಲ. ಸಹಿಯಿಲ್ಲದ ಚಿತ್ರವನ್ನು ನಿರ್ದಿಷ್ಟ ವ್ಯಕ್ತಿಗೆ ಹೊಂದಿಸುವುದು ಈಗಲೂ ಶೈಲಿಯ ಆಧಾರದ ಊಹೆಯೇ. ಅದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳಿವೆ. ಆದರೂ ಕುಟುಂಬವೆಂಬ ಚೌಕಟ್ಟು ಗಟ್ಟಿಯಾಗಿ ನಿಂತಿದೆ. 2011ರಲ್ಲಿ ಜ್ಯೂರಿಕ್‌ನ ರೀಟ್‌ಬರ್ಗ್ ಸಂಗ್ರಹಾಲಯ ಮತ್ತು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯಗಳಲ್ಲಿ ನಡೆದ ದೊಡ್ಡ ಪ್ರದರ್ಶನವನ್ನು ಸಂಸ್ಥಾನಗಳ ಹೆಸರಿನಲ್ಲಿ ಅಲ್ಲ, ಚಿತ್ರಕಾರರ ಹೆಸರಿನಲ್ಲಿ ಏರ್ಪಡಿಸಿದ್ದುದು ಇದರ ಫಲ.

5. ಹಂಚಿಹೋದ ಹಾಳೆಗಳು

ವಂಶಾವಳಿ ಕೂಡಿಬಂದರೂ ಹಾಳೆಗಳು ಕೂಡಿಬರಲಿಲ್ಲ. ದೇಶವಿಭಜನೆಯ ಬಳಿಕ 1948ರಲ್ಲಿ ಲಾಹೋರ್ ಸಂಗ್ರಹಾಲಯದ ವಸ್ತುಗಳನ್ನು 60:40ರ ಪ್ರಮಾಣದಲ್ಲಿ ಪಾಕಿಸ್ತಾನ ಮತ್ತು ಭಾರತಗಳ ನಡುವೆ ಹಂಚಲಾಯಿತು. ಭಾರತದ ಪಾಲಿಗೆ ಬಂದವು ಕೆಲವೆಡೆ ಸುತ್ತಿ ಕೊನೆಗೆ ಚಂಡೀಗಢವನ್ನು ಸೇರಿದವು. ಅವುಗಳಿಗಾಗಿ ಲ ಕಾರ್ಬೂಸಿಯೆ ವಿನ್ಯಾಸದ ಸಂಗ್ರಹಾಲಯ 1968ರಲ್ಲಿ ಆರಂಭವಾಯಿತು. ಮಾನಕುವಿನ ಗೀತಗೋವಿಂದದ ಹಾಳೆಗಳು ಇಂದು ಚಂಡೀಗಢದಲ್ಲಿಯೂ ಇವೆ, ಲಾಹೋರಿನಲ್ಲಿಯೂ ಇವೆ. ಜಯದೇವನ ಒಂದು ಕಾವ್ಯದ ಚಿತ್ರಗಳನ್ನು ಕ್ರಮವಾಗಿ ನೋಡಬೇಕಾದರೆ ಎರಡು ದೇಶಗಳ ಗಡಿಯನ್ನು ದಾಟಬೇಕು.

ರಾಜಕೀಯ ಕಾರಣಕ್ಕಿಂತ ಮಾರುಕಟ್ಟೆಯ ಕಾರಣದಿಂದ ಆದ ಒಡಕು ಇನ್ನೂ ದೊಡ್ಡದು. ಸ್ವಾತಂತ್ರ್ಯಾನಂತರ ಸಂಸ್ಥಾನಗಳು ವಿಲೀನಗೊಂಡಾಗ ಅರಸುಮನೆತನಗಳ ಸಂಗ್ರಹಗಳು ಮಾರಾಟಕ್ಕೆ ಬಂದವು. ಟೆಹ್ರಿ ಗಢವಾಲದ ಗೀತಗೋವಿಂದದ 140ಕ್ಕೂ ಹೆಚ್ಚು ಚಿತ್ರಗಳು ಹಲವರ ಕೈಸೇರಿದವು. ಮೆಹತಾ ಅವರ ಸಂಗ್ರಹದಲ್ಲಿದ್ದವು ಇಂದು ಅಹಮದಾಬಾದಿನಲ್ಲಿ ಸಾರ್ವಜನಿಕರಿಗೆ ಲಭ್ಯವಾಗಿವೆ. ಮುಂಬಯಿಯ ಒಡೆತನದಿಂದ ‘ಮೋದಿ ಭಾಗವತ’ ಎಂದು ಹೆಸರಾದ ಮಾಲಿಕೆಯೂ ಬಿಡಿಬಿಡಿಯಾಗಿ ಹರಿದುಹಂಚಿತು. ವ್ಯಾಪಾರಿಗೆ ನೂರು ಹಾಳೆಯ ಒಂದು ಮಾಲಿಕೆಗಿಂತ ನೂರು ಬಿಡಿ ಹಾಳೆಗಳು ಲಾಭದಾಯಕ. ಕೊಳ್ಳುವವನು ಸಹಜವಾಗಿ ಅತ್ಯಂತ ಸುಂದರವಾದ ಹಾಳೆಯನ್ನು ಆರಿಸುತ್ತಾನೆ. ಕಥೆಯನ್ನು ಮುನ್ನಡೆಸುವ ಸಾಮಾನ್ಯ ಹಾಳೆ ಹಿಂದುಳಿಯುತ್ತದೆ. ಆರಿಸಿದ ಹಾಳೆ ಚೌಕಟ್ಟಿನೊಳಗೆ ಸೇರಿದಾಗ ಹಿಂಬದಿಯ ಶ್ಲೋಕ ಕಣ್ಮರೆಯಾಗುತ್ತದೆ.

1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮವು 1976ರಲ್ಲಿ ಜಾರಿಗೆ ಬಂದು ನೂರು ವರ್ಷ ಮೀರಿದ ಚಿತ್ರಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಬಹಳಷ್ಟು ಹೊರಗೆ ಹೋಗಿತ್ತು. ಆದರೆ ಸಂಗ್ರಾಹಕರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ರಂಧಾವಾ ಅವರು ಮನೆತನಗಳಲ್ಲಿದ್ದ ಚಿತ್ರಗಳು ಸರ್ಕಾರಿ ಸಂಗ್ರಹಾಲಯಕ್ಕೆ ಸೇರುವಂತೆ ಶ್ರಮಿಸಿದರು. ಹೈದರಾಬಾದಿನ ಜಗದೀಶ್ ಮತ್ತು ಕಮಲಾ ಮಿತ್ತಲ್ ದಂಪತಿಗಳು ತಮ್ಮ ಸಂಗ್ರಹವನ್ನು 1976ರಲ್ಲಿ ಸಂಗ್ರಹಾಲಯವಾಗಿ ರೂಪಿಸಿದರು. ಸಂಗ್ರಾಹಕರು ಕೊಳ್ಳದಿದ್ದರೆ ಅನೇಕ ಹಾಳೆಗಳು ಗೆದ್ದಲಿಗೂ ಮಳೆಗೂ ಆಹುತಿಯಾಗುತ್ತಿದ್ದವು ಎಂಬುದೂ ನಿಜ. ಅವರು ವಸ್ತುವನ್ನು ಉಳಿಸಿದರು. ಸಂಬಂಧಗಳನ್ನು ಉಳಿಸುವುದು ಅವರಲ್ಲಿ ಹೆಚ್ಚಿನವರ ಕಾಳಜಿಯಾಗಿರಲಿಲ್ಲ.

6. ನಮ್ಮ ಅಧ್ಯಯನಕ್ಕೆ ಒಂದು ಸೂಚನೆ

ಈ ವಿವೇಚನೆ ಕರ್ನಾಟಕದ ಸಂಶೋಧಕರಿಗೂ ಪ್ರಸ್ತುತವಾಗಿದೆ. ಉತ್ತರ ಕರ್ನಾಟಕದ ಹೆಳವರು ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದವರು. ಸುಗ್ಗಿಯ ಕಾಲದಲ್ಲಿ ಎತ್ತನ್ನೇರಿ ಊರೂರಿಗೆ ಬಂದು ಮನೆತನದ ಮೂಲ, ವಲಸೆ, ಕವಲುಗಳನ್ನು ಹಾಡಿ ಹೇಳುವುದು, ಹೊಸ ಹೆಸರುಗಳನ್ನು ಸೇರಿಸಿಕೊಳ್ಳುವುದು ಅವರ ವೃತ್ತಿ. ಯಾತ್ರಿಕ ಪಂಡಾನ ಬಳಿಗೆ ಹೋಗುತ್ತಾನೆ. ಹೆಳವ ಒಕ್ಕಲಿನ ಬಳಿಗೆ ಬರುತ್ತಾನೆ. ಈ ವ್ಯತ್ಯಾಸವನ್ನು ಬಿಟ್ಟರೆ ಎರಡೂ ವ್ಯವಸ್ಥೆಗಳ ತರ್ಕ ಒಂದೇ. ಹೆಳವರ ಹಾಡಿಕೆಯನ್ನು ನಾವು ಹೆಚ್ಚಾಗಿ ಕಲೆಯಾಗಿ, ವೃತ್ತಿಗಾಯನವಾಗಿ ಅಧ್ಯಯನ ಮಾಡಿದ್ದೇವೆ. ಅದು ಚರಿತ್ರೆಯ ದಾಖಲೆಯೂ ಹೌದು ಎಂಬ ದೃಷ್ಟಿಯಿಂದ ಆಗಬೇಕಾದ ಕೆಲಸ ಬಹಳಷ್ಟಿದೆ. ಸುರಪುರದ ಚಿಕಣಿ ಚಿತ್ರಗಳು, ಮೈಸೂರಿನ ಸಾಂಪ್ರದಾಯಿಕ ಚಿತ್ರಗಳು, ಊರೂರಿನ ಗುಡಿಗಳ ಭಿತ್ತಿಚಿತ್ರಗಳು ಇವುಗಳನ್ನು ನಾವು ಇಂದಿಗೂ ಆಶ್ರಯ ಕೊಟ್ಟ ಅರಸುಮನೆತನದ ಹೆಸರಿನಿಂದಲೇ ಗುರುತಿಸುತ್ತೇವೆ. ಬರೆದ ಮನೆತನಗಳ ವಲಸೆ, ನಂಟಸ್ತಿಕೆ, ಗುರುಶಿಷ್ಯ ಸಂಬಂಧಗಳನ್ನು ಹುಡುಕಲು ಹೊರಟರೆ ವಂಶಾವಳಿ ಹೇಳುವವರ ಬಾಯಿಮಾತು ಮತ್ತು ಹೊತ್ತಗೆಗಳನ್ನು ಬದಿಗಿಟ್ಟು ಮುಂದೆ ಸಾಗುವಂತಿಲ್ಲ.

ಎರಡು ಕೆಲಸಗಳು ಕೂಡಲೇ ಆಗಬೇಕಾಗಿದೆ. ಸಂಗ್ರಹಾಲಯಗಳು ಚಿತ್ರಗಳ ಪಟ್ಟಿ ತಯಾರಿಸುವಾಗ ಹಾಳೆಯ ಮುಂಬದಿಯನ್ನಷ್ಟೇ ಅಲ್ಲದೆ ಹಿಂಬದಿಯ ಬರಹ, ಸಂಖ್ಯೆ, ಮುದ್ರೆಗಳನ್ನೂ ಛಾಯಾಚಿತ್ರ ಸಹಿತ ಪ್ರಕಟಿಸಬೇಕು. ದೂರದೂರದಲ್ಲಿರುವ ಹಾಳೆಗಳನ್ನು ಕ್ರಮವಾಗಿ ಜೋಡಿಸಲು ಇದೊಂದೇ ದಾರಿ. ಅದರ ಜೊತೆಗೆ, ವಂಶಾವಳಿಯನ್ನು ಕಾಯ್ದುಕೊಂಡು ಬಂದ ವೃತ್ತಿಯವರ ದಾಖಲೆಗಳನ್ನು ಅವರ ಒಪ್ಪಿಗೆಯೊಡನೆ, ಅವರ ಹಕ್ಕಿಗೆ ಚ್ಯುತಿ ಬಾರದಂತೆ ಪ್ರತಿಮಾಡಿ ಇಡಬೇಕು. ಹರಿದ್ವಾರದ ಬಹಿಗಳು ಉಳಿದದ್ದು ಅವು ಬಳಕೆಯಲ್ಲಿದ್ದುದರಿಂದ. ಹೆಳವರ ಹೊಸ ತಲೆಮಾರು ಬೇರೆ ಉದ್ಯೋಗಗಳತ್ತ ಹೊರಳುತ್ತಿರುವ ಇಂದಿನ ದಿನಗಳಲ್ಲಿ ಈ ಹೊಣೆಯನ್ನು ಸಂಶೋಧನ ಸಂಸ್ಥೆಗಳು ವಹಿಸಿಕೊಳ್ಳದಿದ್ದರೆ, ನಾಳೆ ನಮ್ಮ ಚಿತ್ರಕಾರರ ಹೆಸರುಗಳನ್ನು ಕೇಳಲು ಹೋಗುವವರಿಗೆ ತೆರೆದು ನೋಡಲು ಪುಸ್ತಕವೂ ಇರುವುದಿಲ್ಲ, ಓದಿ ಹೇಳುವವರೂ ಇರುವುದಿಲ್ಲ.